ಕನ್ನಡಿಯೊಳಗಿನ ಗಂಟು

‘ಕನ್ನಡಿಯೊಳಗಿನ ಗಂಟು’ ಎಂಬ ಮಾತು ನಮ್ಮಲ್ಲಿ ಬಹಳ ಹಳೆಯದು. ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುವುದಿಲ್ಲ. ಈ ಮಾತಿನ ಅರ್ಥವನ್ನು ನಾನು ಧಾರವಾಡದ ಶಾಲೆಯಲ್ಲಿ ಕಲಿತಿದ್ದೆ. ಆದರೆ ಅದು ಮೈಗೆ ತಟ್ಟಿದ್ದು ಇಲ್ಲಿ, ಪಣಜಿಯಲ್ಲಿ, ಒಂದು ಗಣಕಯಂತ್ರದ ಮುಂದೆ ಕುಳಿತಾಗ. ಆ ಪ್ರಸಂಗವನ್ನೂ, ಅದರಿಂದ ನಾನು ಕಲಿತ ಒಂದು ಪರೀಕ್ಷೆಯನ್ನೂ ಇಂದು ನಿಮ್ಮ ಮುಂದೆ ಇಡಬೇಕೆಂದಿದ್ದೇನೆ. ಕಂಪ್ಯೂಟರು ನಮಗೇಕೆ ಎನ್ನುವವರೂ ಸ್ವಲ್ಪ ಕೇಳಿ. ನಿಮ್ಮ ಮನೆಯ ಕಾಗದಪತ್ರ ಇಂದು ಯಾರದೋ ಕಂಪ್ಯೂಟರಿನಲ್ಲಿ ಇದ್ದೇ ಇರುತ್ತದೆ.

ಜೂನ್ 18ರ ರಸ್ತೆಯ ಹಿಂದಿನ ಓಣಿಯಲ್ಲಿ ನನ್ನದೊಂದು ಸಣ್ಣ ಕೋಣೆಯಿದೆ. ಚಿಕ್ಕ ಅಂಗಡಿಗಳ ಲೆಕ್ಕ ಬರೆಯುವುದು, ಅರ್ಜಿ ತುಂಬಿಕೊಡುವುದು, ಟೈಪು, ಝೆರಾಕ್ಸು, ಇದು ನನ್ನ ಉದ್ಯೋಗ. ನನ್ನಲ್ಲಿಗೆ ಬರುವವರಲ್ಲಿ ಬಹಳ ಮಂದಿ ನಮ್ಮ ಕಡೆಯವರು. ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳದಿಂದ ಬಂದು ಇಲ್ಲಿ ಕಟ್ಟಡ ಕಟ್ಟುವವರು, ರಸ್ತೆ ಹಾಕುವವರು, ತರಕಾರಿ ಮಾರುವವರು. ಅವರ ಆಸ್ತಿಯೆಂದರೆ ಒಂದು ಟ್ರಂಕು. ಆ ಟ್ರಂಕಿನ ತಳದಲ್ಲಿ ಒಂದು ಪ್ಲಾಸ್ಟಿಕ್ ಚೀಲ. ಚೀಲದಲ್ಲಿ ರೇಷನ್ ಕಾರ್ಡು, ಮಕ್ಕಳ ಜನನ ಪತ್ರ, ಊರಿನ ಶಾಲೆ ಬಿಟ್ಟ ದಾಖಲೆ, ಹಳೆಯ ಬಾಡಿಗೆ ಚೀಟಿ. ಗೋವೆಯಲ್ಲಿ ನೀವು ಹದಿನೈದು ವರ್ಷ ವಾಸವಾಗಿದ್ದೀರಾ ಎಂದು ಯಾರಾದರೂ ಕೇಳಿದರೆ ಉತ್ತರ ಹೇಳುವುದು ಬಾಯಲ್ಲ, ಆ ಚೀಲ.

ಆದರೆ ಇಲ್ಲಿಯ ಮಳೆಗಾಲ ನಿಮಗೆ ಗೊತ್ತಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುತ್ತದೆ. ತಗಡಿನ ಸೂರಿನ ಕೆಳಗೆ ಕಾಗದ ಎಷ್ಟು ದಿನ ಬಾಳೀತು? ಅದಕ್ಕಾಗಿ ನಾನು ಬಂದವರ ಕಾಗದಗಳನ್ನು ಅವರ ಒಪ್ಪಿಗೆ ಪಡೆದು ಸ್ಕ್ಯಾನ್ ಮಾಡಿ, ಒಂದು ಪ್ರತಿಯನ್ನು ನನ್ನ ಕಂಪ್ಯೂಟರಿನಲ್ಲಿ ಇಡತೊಡಗಿದೆ. ಸರ್ಕಾರದ ಡಿಜಿಲಾಕರ್ 2015ರಿಂದ ಇದೆ, ನಿಜ. ಆದರೆ ಹಳ್ಳಿಯ ಮಾಸ್ತರರು ಮೂವತ್ತು ವರ್ಷದ ಹಿಂದೆ ಕೈಯಿಂದ ಬರೆದುಕೊಟ್ಟ ದಾಖಲೆ ಅದರಲ್ಲಿ ತಾನಾಗಿ ಬಂದು ಕೂರುವುದಿಲ್ಲ.

ಜನರ ಕಾಗದ ಇಟ್ಟುಕೊಂಡ ಮೇಲೆ ಜವಾಬ್ದಾರಿ ಬಂತು. ಕಂಪ್ಯೂಟರಿನಲ್ಲಿ ನಾವು ಬರೆದದ್ದು ಉಳಿಯುವುದು ಹಾರ್ಡ್ ಡಿಸ್ಕಿನಲ್ಲಿ. ಅದರೊಳಗೆ ಸಾಮಾನ್ಯವಾಗಿ ನಿಮಿಷಕ್ಕೆ 5,400ರಿಂದ 7,200 ಸುತ್ತು ತಿರುಗುವ ಬಿಲ್ಲೆಗಳಿವೆ. ತಿರುಗುವುದು ಎಂದಾದರೂ ನಿಲ್ಲಲೇಬೇಕು. ಆದ್ದರಿಂದ ಒಂದರ ಬದಲು ಎರಡು ಡಿಸ್ಕು ಹಾಕಿ, ಒಂದರಲ್ಲಿ ಬರೆದದ್ದೆಲ್ಲ ಅದೇ ಕ್ಷಣ ಇನ್ನೊಂದರಲ್ಲೂ ಬರೆಯುವಂತೆ ಮಾಡುವ ಪದ್ಧತಿಯಿದೆ. ಇದಕ್ಕೆ ಮಿರರಿಂಗ್, ಅಂದರೆ ಕನ್ನಡಿ ಹಿಡಿಯುವುದು ಎಂದು ಹೆಸರು. ಒಂದು ಕೆಟ್ಟರೆ ಇನ್ನೊಂದರಿಂದ ಕೆಲಸ ಮುಂದುವರಿಯುತ್ತದೆ. 1988ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಡೇವಿಡ್ ಪ್ಯಾಟರ್‌ಸನ್, ಗಾರ್ತ್ ಗಿಬ್ಸನ್ ಮತ್ತು ರ‍್ಯಾಂಡಿ ಕಾಟ್ಜ್ ಎಂಬ ಮೂವರು, ಅಗ್ಗದ ಹಲವು ಡಿಸ್ಕುಗಳನ್ನು ಕೂಡಿಸಿ ನೆಚ್ಚಿಕೆಯ ಒಂದು ದೊಡ್ಡ ಡಿಸ್ಕಿನಂತೆ ಬಳಸುವ ಬಗೆಯನ್ನು ಒಂದು ಪ್ರಬಂಧದಲ್ಲಿ ವಿವರಿಸಿದರು. ಅದಕ್ಕೆ ಅವರಿಟ್ಟ ಹೆಸರು ರೇಡ್. ಅವರ ಪಟ್ಟಿಯಲ್ಲಿ ಮೊದಲನೆಯ ಬಗೆ ಈ ಕನ್ನಡಿ. ಹಾಗೆಂದು ಜೋಡಿ ಡಿಸ್ಕು ಅವರು ಹೊಸದಾಗಿ ಕಂಡುಹಿಡಿದದ್ದಲ್ಲ. ದೊಡ್ಡ ಯಂತ್ರಗಳಲ್ಲಿ ಅದು ಆಗಲೇ ಬಳಕೆಯಲ್ಲಿತ್ತು.

ಕನ್ನಡಿ ಹಿಡಿಯಲು ಪ್ರತ್ಯೇಕ ಕಾರ್ಡು ಕೊಳ್ಳಬಹುದು. ಆದರೆ ಅದಕ್ಕೆ ಹಣ ಬೇಕು. ಕಾರ್ಡೇ ಕೆಟ್ಟರೆ ಅಂಥದೇ ಇನ್ನೊಂದನ್ನು ಹುಡುಕಬೇಕಾಗಬಹುದು. 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್‌ನಲ್ಲಿ ಈ ಕೆಲಸವನ್ನು ತಂತ್ರಾಂಶವೇ ಮಾಡುತ್ತದೆ. ಲಿನಕ್ಸಿನ ತಿರುಳಿನಲ್ಲಿರುವ ಆ ಭಾಗಕ್ಕೆ ಎಂಡಿ ಎಂದು ಹೆಸರು. ಅದನ್ನು ನಡೆಸಲು ಎಂಡಿಎಡಿಎಂ ಎಂಬ ಉಪಕರಣವಿದೆ. ಅದನ್ನು ಬರೆದವರು ಆಸ್ಟ್ರೇಲಿಯದ ನೀಲ್ ಬ್ರೌನ್. ಇದಕ್ಕೆ ಕಾಸು ಕೊಡಬೇಕಾಗಿಲ್ಲ. ಇದಕ್ಕಿಂತ ಹೆಚ್ಚಿನ ಲಾಭವೆಂದರೆ, ನಿಮ್ಮ ಕಂಪ್ಯೂಟರೇ ಸುಟ್ಟುಹೋದರೂ ಉಳಿದ ಡಿಸ್ಕನ್ನು ಲಿನಕ್ಸ್ ಇರುವ ಇನ್ನಾವುದೇ ಕಂಪ್ಯೂಟರಿಗೆ ಜೋಡಿಸಿ ಓದಬಹುದು.

ನಾನೂ ಎರಡು ಡಿಸ್ಕು ತಂದೆ, ಕನ್ನಡಿ ಕಟ್ಟಿದೆ. ಎರಡು ವರ್ಷ ನೆಮ್ಮದಿಯಾಗಿ ನಿದ್ದೆ ಮಾಡಿದೆ.

ಒಂದು ಜುಲೈ ತಿಂಗಳ ಬೆಳಗ್ಗೆ, ಮಳೆ ಹುಯ್ಯುತ್ತಿದ್ದಾಗ, ಗದಗದ ಕಡೆಯ ಒಬ್ಬ ಹೆಣ್ಣುಮಗಳು ಬಂದಳು. ಕೈಯಲ್ಲಿ ಒದ್ದೆ ಮುದ್ದೆಯಾದ ಕಾಗದ.

“ಮಳ್ಯಾಗ ಟ್ರಂಕ್ ಎಲ್ಲಾ ತೊಯ್ದು ಹೋಗೇತ್ರಿ ಅಣ್ಣಾರ. ಹುಡುಗನ ಸಾಲಿ ದಾಖಲಿ ಮುಟ್ಟಿದ್ರ ಹರೀತೈತಿ. ನಿಮ್ಮ ಕಂಪ್ಯೂಟರ್‌ನ್ಯಾಗ ಐತಲ್ರೀ, ಒಂದು ಪ್ರತಿ ತಗದ್ ಕೊಡ್ರಿ” ಎಂದಳು.

“ಐತ್ರಿ ಅಕ್ಕಾರ, ಕೂಡ್ರಿ. ಐದೇ ನಿಮಿಷ” ಎಂದೆ. ಫೆಬ್ರವರಿಯಲ್ಲಿ ನಾನೇ ಸ್ಕ್ಯಾನ್ ಮಾಡಿದ್ದು ಚೆನ್ನಾಗಿ ನೆನಪಿತ್ತು.

ಕಂಪ್ಯೂಟರು ಹೊತ್ತಲಿಲ್ಲ. ಹಿಂದಿನ ರಾತ್ರಿ ಕರೆಂಟು ನಾಲ್ಕಾರು ಬಾರಿ ಹೋಗಿ ಬಂದಿತ್ತು. ಮೊದಲನೆಯ ಡಿಸ್ಕು ಟಕ್ ಟಕ್ ಎಂದು ಸದ್ದು ಮಾಡಿ ಸುಮ್ಮನಾಯಿತು. ನನಗೆ ಗಾಬರಿಯಾಗಲಿಲ್ಲ. ಎರಡನೆಯದು ಇದೆಯಲ್ಲ! ಆದರೆ ಎರಡನೆಯದರಿಂದಲೂ ಯಂತ್ರ ಹೊತ್ತಲಿಲ್ಲ. ಯಂತ್ರವನ್ನು ಎಬ್ಬಿಸುವ ಮೊದಲ ಸಣ್ಣ ತಂತ್ರಾಂಶ, ಗ್ರಬ್ ಎಂಬುದು, ಮೊದಲನೆಯ ಡಿಸ್ಕಿನಲ್ಲಿ ಮಾತ್ರ ಇತ್ತು. ಅದನ್ನು ಎರಡರಲ್ಲೂ ಹಾಕಬೇಕೆಂದು ನನಗೆ ಹೊಳೆದಿರಲಿಲ್ಲ. ಕೊನೆಗೆ ಒಂದು ಪೆನ್ ಡ್ರೈವಿನಿಂದ ಲಿನಕ್ಸ್ ಎಬ್ಬಿಸಿ, ಉಳಿದ ಡಿಸ್ಕನ್ನು ತೆರೆದು ನೋಡಿದೆ. ಡಿಸ್ಕಿನ ಆರೋಗ್ಯ ಚೆನ್ನಾಗಿಯೇ ಇತ್ತು. ಆದರೆ ಅದರ ಮೇಲೆ ಕೊನೆಯ ಬಾರಿ ಬರೆದ ತಾರೀಖು ಹಿಂದಿನ ವರ್ಷದ ನವೆಂಬರಿನದು.

ಆದದ್ದು ಇಷ್ಟು. ನವೆಂಬರಿನಲ್ಲಿ ಎಂದೋ ಅದರ ಕೇಬಲ್ಲು ಸಡಿಲಾಗಿತ್ತು. ಡಿಸ್ಕು ಒಂದು ಗಳಿಗೆ ಕಾಣೆಯಾಯಿತು. ಲಿನಕ್ಸ್ ಅದನ್ನು ಜೋಡಿಯಿಂದ ಹೊರಗಿಟ್ಟು, ಒಂದೇ ಡಿಸ್ಕಿನ ಮೇಲೆ ಕೆಲಸ ಮುಂದುವರಿಸಿತು. ಹೀಗೆ ಹೊರಬಿದ್ದದ್ದನ್ನು ಅದು ಸಾಮಾನ್ಯವಾಗಿ ತಾನಾಗಿ ಒಳಗೆ ಕರೆಯುವುದಿಲ್ಲ, ಮನುಷ್ಯನೇ ಕರೆಯಬೇಕು. ಎಚ್ಚರಿಕೆಯ ಪತ್ರವನ್ನು ಯಂತ್ರ ಬರೆದೇ ಇರಬೇಕು. ಆದರೆ ಅದು ಹೋಗುವುದು ಆ ಯಂತ್ರದೊಳಗಿನ ಯಜಮಾನನ ಅಂಚೆಪೆಟ್ಟಿಗೆಗೆ. ಆ ಪೆಟ್ಟಿಗೆಯನ್ನು ನಾನು ಒಮ್ಮೆಯೂ ತೆರೆದವನಲ್ಲ. ಈಗ ಪೆಟ್ಟಿಗೆಯೂ ಸತ್ತ ಡಿಸ್ಕಿನ ಜೊತೆಗೆ ಹೋಗಿತ್ತು.

ಎಂಟು ತಿಂಗಳು ನನ್ನ ಬಳಿ ಕನ್ನಡಿಯೇ ಇರಲಿಲ್ಲ. ಇದೆಯೆಂಬ ನಂಬಿಕೆ ಮಾತ್ರ ಇತ್ತು. ಆ ಎಂಟು ತಿಂಗಳ ಕಾಗದಗಳೆಲ್ಲ ಹೋದವು. ಆ ಹೆಣ್ಣುಮಗಳು ನಾಲ್ಕು ದಿನದ ಕೂಲಿ ಬಿಟ್ಟು ಊರಿಗೆ ಹೋಗಿ, ಶಾಲೆಯಲ್ಲಿ ಕಾಡಿ ಬೇಡಿ, ಎರಡನೆಯ ಪ್ರತಿ ಬರೆಸಿಕೊಂಡು ಬಂದಳು. ಮತ್ತೆ ನನ್ನ ಬಳಿಗೇ ಬಂದಳು. ಸ್ಕ್ಯಾನ್ ಮಾಡುವಾಗ ಒಂದೇ ಒಂದು ಮಾತು ಕೇಳಿದಳು: “ಈ ಸರ್ತಿ ಇರತೈತಲ್ರೀ ಅಣ್ಣಾರ?”

ಅದರಲ್ಲಿ ಸಿಟ್ಟಿರಲಿಲ್ಲ. ಆದರೂ ನನಗೆ ಉತ್ತರ ಹೇಳಲು ಆಗಲಿಲ್ಲ. ಏಕೆಂದರೆ ನನಗೇ ಗೊತ್ತಿರಲಿಲ್ಲ. ಗೊತ್ತು ಮಾಡಿಕೊಳ್ಳಲು ಒಂದೇ ದಾರಿ: ಕೆಡುವ ಮೊದಲು ನಾವೇ ಕೆಡಿಸಿ ನೋಡುವುದು. ಆ ಪರೀಕ್ಷೆಯನ್ನು ಈಗ ಕ್ರಮವಾಗಿ ಹೇಳುತ್ತೇನೆ. ನಿಮ್ಮಲ್ಲಿ ಅಂಗಡಿ, ಶಾಲೆ, ಸಹಕಾರಿ ಸಂಘದ ಕಂಪ್ಯೂಟರು ನೋಡಿಕೊಳ್ಳುವವರು ಇದ್ದರೆ ಬರೆದಿಟ್ಟುಕೊಳ್ಳಿ.

ಮೊದಲು, ಪರೀಕ್ಷೆ ಮಾಡುವ ಮುನ್ನ, ಇರುವುದೆಲ್ಲದರ ಒಂದು ಪ್ರತಿಯನ್ನು ಬೇರೆಯೇ ಒಂದು ಡಿಸ್ಕಿಗೆ ತೆಗೆದು, ಅದನ್ನು ಕಂಪ್ಯೂಟರಿನಿಂದ ಬಿಚ್ಚಿ ಪಕ್ಕಕ್ಕಿಡಿ. ಪರೀಕ್ಷೆಯ ಕೈತಪ್ಪಿನಲ್ಲಿಯೇ ಎಲ್ಲ ಕಳೆದುಕೊಂಡರೆ ನಗೆಪಾಟಲು. ಕೈಗೆ ಅಭ್ಯಾಸವಾಗಬೇಕಾದರೆ ನಿಜವಾದ ಡಿಸ್ಕನ್ನೇ ಮುಟ್ಟಬೇಕಾಗಿಲ್ಲ. ಒಂದು ಕಡತವನ್ನೇ ಡಿಸ್ಕು ಎಂದು ಭಾವಿಸುವ ಸೌಕರ್ಯ ಲಿನಕ್ಸಿನಲ್ಲಿದೆ. ನೂರು ಮೆಗಾಬೈಟಿನ ಎರಡು ಖಾಲಿ ಕಡತ ಮಾಡಿ, ಅವೆರಡಕ್ಕೆ ಕನ್ನಡಿ ಕಟ್ಟಿ, ಮುರಿದು, ಮತ್ತೆ ಕಟ್ಟಿ ಮನಸ್ಸಿಗೆ ಬಂದಷ್ಟು ಸಲ ಆಡಬಹುದು. ಈಜು ಕಲಿಯುವವನು ಮೊದಲು ಮಾಂಡವಿಗೆ ಧುಮುಕುತ್ತಾನೆಯೇ?

ಎರಡನೆಯದು, ಬೆರಳಚ್ಚು ತೆಗೆದುಕೊಳ್ಳುವುದು. ಕಡತಗಳು ಇವೆ ಎಂದಷ್ಟೇ ಸಾಲದು, ಇದ್ದಂತೆಯೇ ಇವೆಯೇ ಎಂದು ತಿಳಿಯಬೇಕು. ಪ್ರತಿಯೊಂದು ಕಡತಕ್ಕೂ ಅದರ ಒಳಗಿನ ಒಂದೊಂದು ಅಕ್ಷರವನ್ನೂ ಲೆಕ್ಕಕ್ಕೆ ತೆಗೆದುಕೊಂಡು 64 ಅಕ್ಷರದ ಒಂದು ಗುರುತು ಕೊಡುವ ವಿಧಾನವಿದೆ. ಎಸ್‌ಎಚ್‌ಎ 256 ಎಂದು ಅದರ ಹೆಸರು. ಒಂದು ಚುಕ್ಕೆ ಬದಲಾದರೂ ಗುರುತು ಪೂರ್ತಿ ಬದಲಾಗುತ್ತದೆ. ಈ ಗುರುತುಗಳ ಪಟ್ಟಿಯನ್ನು ಮೊದಲೇ ಬರೆಸಿಟ್ಟುಕೊಂಡರೆ, ಪರೀಕ್ಷೆಯ ನಂತರ ತಾಳೆ ನೋಡಬಹುದು.

ಮೂರನೆಯದು, ಕನ್ನಡಿಯ ಈಗಿನ ಸ್ಥಿತಿ ನೋಡುವುದು. ಪ್ರಾಕ್ ಎಂಬ ಕಪಾಟಿನಲ್ಲಿ ಎಂಡಿಸ್ಟಾಟ್ ಎಂಬ ಕಡತವಿದೆ. ಅದನ್ನು ತೆರೆದರೆ ಚೌಕ ಆವರಣದೊಳಗೆ ಇಂಗ್ಲಿಷಿನ ಯು ಅಕ್ಷರ ಎರಡು ಸಲ ಕಾಣಬೇಕು. ಒಂದು ಯು ಇದ್ದು, ಇನ್ನೊಂದರ ಜಾಗದಲ್ಲಿ ಅಡಿಗೆರೆ ಕಂಡರೆ, ನಿಮ್ಮ ಕನ್ನಡಿಯ ಒಂದು ಪಾಲು ಬಿದ್ದುಹೋಗಿದೆ ಎಂದರ್ಥ. ಇಷ್ಟು ನೋಡಲು ಅರ್ಧ ನಿಮಿಷ ಸಾಕು. ಆ ಅರ್ಧ ನಿಮಿಷವನ್ನು ನಾನು ಎಂಟು ತಿಂಗಳು ಉಳಿಸಿದ್ದೆ.

ನಾಲ್ಕನೆಯದು, ಸುಳ್ಳು ಕೇಡು. ಈ ಡಿಸ್ಕು ಕೆಟ್ಟಿದೆ ಎಂದು ಭಾವಿಸು ಎಂದು ಎಂಡಿಎಡಿಎಂಗೆ ಹೇಳಬಹುದು. ಅದು ಆ ಡಿಸ್ಕಿನ ಮುಂದೆ ಕೆಟ್ಟಿತೆಂಬ ಗುರುತು ಹಾಕುತ್ತದೆ. ಆಗಲೂ ಕಡತಗಳು ತೆರೆಯುತ್ತವೆಯೇ, ಹೊಸದು ಬರೆಯಲು ಬರುತ್ತದೆಯೇ ನೋಡಿ. ಆಮೇಲೆ ಡಿಸ್ಕನ್ನು ತೆಗೆದು ಮತ್ತೆ ಸೇರಿಸಿ. ಆದರೆ ಇಷ್ಟಕ್ಕೇ ನಿಲ್ಲಬೇಡಿ. ಇದು ನಾವು ಹೇಳಿ ಕಳಿಸಿದ ಕೇಡು. ನಿಜವಾದ ಕೇಡು ಹೇಳಿ ಬರುವುದಿಲ್ಲ.

ಆದ್ದರಿಂದ ಐದನೆಯದು, ನಿಜವಾಗಿ ಬಿಚ್ಚಿ ನೋಡುವುದು. ಯಂತ್ರವನ್ನು ಆರಿಸಿ, ಮೊದಲನೆಯ ಡಿಸ್ಕಿನ ಕೇಬಲ್ಲು ಕಿತ್ತು, ಎರಡನೆಯದೊಂದರ ಮೇಲೆಯೇ ಯಂತ್ರ ಹೊತ್ತುತ್ತದೆಯೇ ನೋಡಿ. ನಾನು ಸೋತದ್ದು ಇಲ್ಲಿಯೇ. ಗ್ರಬ್ ಎರಡು ಡಿಸ್ಕಿನಲ್ಲೂ ಇರಬೇಕು. ಈಚಿನ ಯಂತ್ರಗಳಲ್ಲಿ ಹೊತ್ತಿಸುವ ಕೆಲಸಕ್ಕೆಂದೇ ಒಂದು ಸಣ್ಣ ವಿಭಾಗ ಇರುತ್ತದೆ. ಅದು ಸಾಮಾನ್ಯವಾಗಿ ಕನ್ನಡಿಯ ಹೊರಗೆ ಉಳಿಯುತ್ತದೆ. ಅದರ ಪ್ರತಿಯನ್ನು ನಾವೇ ಇನ್ನೊಂದು ಡಿಸ್ಕಿಗೂ ಹಾಕಿಡಬೇಕು. ಯಂತ್ರ ಹೊತ್ತಿದ ಮೇಲೆ ಬೆರಳಚ್ಚುಗಳ ಪಟ್ಟಿಯನ್ನು ತಾಳೆ ನೋಡಿ.

ಇಲ್ಲಿ ಒಂದು ಅಪಾಯವಿದೆ, ದಯವಿಟ್ಟು ಗಮನಿಸಿ. ಒಂದನ್ನು ಬಿಚ್ಚಿ ನೋಡಿದ ಕೂಡಲೇ ಅದನ್ನು ಹಾಕಿ, ಇನ್ನೊಂದನ್ನು ಬಿಚ್ಚಬೇಡಿ. ಒಂಟಿಯಾಗಿ ನಡೆದ ಪ್ರತಿಯೊಂದು ಡಿಸ್ಕೂ ತನ್ನ ಮೇಲೆ ಬೇರೆ ಬೇರೆ ಸಂಗತಿ ಬರೆದುಕೊಂಡಿರುತ್ತದೆ. ಅಣ್ಣತಮ್ಮಂದಿರು ಬೇರೆಯಾಗಿ ಎರಡು ಲೆಕ್ಕದ ಪುಸ್ತಕ ಇಟ್ಟಂತೆ. ಆಮೇಲೆ ಯಾವುದು ಸರಿ ಎಂದು ಯಾರೂ ಹೇಳಲಾರರು. ಮೊದಲನೆಯದನ್ನು ಮತ್ತೆ ಜೋಡಿಗೆ ಸೇರಿಸಿ, ಎರಡೂ ಸಮನಾಗಿ ಎರಡು ಯು ಅಕ್ಷರ ಕಂಡ ಮೇಲೆಯೇ ಎರಡನೆಯದರ ಸರದಿ. ಸೇರಿಸುವಾಗ ಯಾವುದರಿಂದ ಯಾವುದಕ್ಕೆ ನಕಲಾಗುತ್ತದೆ ಎಂಬುದನ್ನು ಎರಡು ಸಲ ಯೋಚಿಸಿ. ಹೊಸದಾಗಿ ಸೇರಿಸಿದ್ದರ ಮೇಲಿನದು ಅಳಿಯುತ್ತದೆ. ಡಿಸ್ಕುಗಳ ಮೇಲಿರುವ ಕ್ರಮಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆದು ಪೆಟ್ಟಿಗೆಗೆ ಅಂಟಿಸಿಡುವುದು ಒಳ್ಳೆಯದು.

ಆರನೆಯದು, ಹೊಸ ಡಿಸ್ಕು ತುಂಬುವ ಹೊತ್ತು. ಸ್ವಲ್ಪ ಹೊತ್ತು ಹೊರಗಿದ್ದ ಡಿಸ್ಕು ಬೇಗ ಸಮನಾಗಬಹುದು. ಎಲ್ಲೆಲ್ಲಿ ಬರೆದಾಯಿತು ಎಂಬ ನಕ್ಷೆಯನ್ನು ಲಿನಕ್ಸ್ ಇಟ್ಟುಕೊಂಡಿದ್ದರೆ ಬದಲಾದ ಭಾಗವನ್ನಷ್ಟೇ ನಕಲು ಮಾಡುತ್ತದೆ. ಆದರೆ ಕೆಟ್ಟದ್ದನ್ನು ಎಸೆದು ಹೊಸದು ತಂದರೆ ಪೂರ್ತಿ ತುಂಬಬೇಕು. ನಾಲ್ಕು ಟೆರಾಬೈಟಿನ ಡಿಸ್ಕಿಗೆ, ಸೆಕೆಂಡಿಗೆ 150 ಮೆಗಾಬೈಟಿನಂತೆ ನಡೆದರೂ, ಏಳು ಗಂಟೆಗೂ ಹೆಚ್ಚು ಬೇಕು. ಆ ಏಳು ಗಂಟೆ ನಿಮ್ಮ ಬಳಿ ಇರುವುದು ಒಂದೇ ಪೂರ್ಣ ಪ್ರತಿ, ಅದೂ ಹಗಲಿರುಳು ದುಡಿಯುತ್ತಿರುವ ಹಳೆಯ ಡಿಸ್ಕಿನಲ್ಲಿ. ಒಂದೇ ದಿನ, ಒಂದೇ ಅಂಗಡಿಯಲ್ಲಿ, ಒಂದೇ ತಂಡದ ಎರಡು ಡಿಸ್ಕು ಕೊಂಡವರಿಗೆ ಇದು ಇನ್ನೂ ಕಷ್ಟ. ಜೊತೆಗೆ ಹುಟ್ಟಿ ಜೊತೆಗೆ ದುಡಿದವು ಹತ್ತಿರ ಹತ್ತಿರದಲ್ಲಿಯೇ ಹೋಗಬಹುದು. ಎರಡನ್ನು ಬೇರೆ ಬೇರೆ ಹೊತ್ತಿನಲ್ಲಿ, ಆದರೆ ಬೇರೆ ಬೇರೆ ತಯಾರಕರದನ್ನು ಕೊಳ್ಳುವುದು ಜಾಣತನ.

ಏಳನೆಯದು, ಎಚ್ಚರಿಕೆಯ ಪತ್ರ. ಎಂಡಿಎಡಿಎಂನ ವ್ಯವಸ್ಥೆಯ ಕಡತದಲ್ಲಿ ನಿಮ್ಮ ನಿಜವಾದ ಮಿಂಚಂಚೆಯ ವಿಳಾಸ ಬರೆಯಿರಿ. ಬರೆದು ಬಿಡಬೇಡಿ. ಸುಮ್ಮನೆ ಒಂದು ಪತ್ರ ಕಳಿಸಿ ನೋಡು ಎಂದು ಅದಕ್ಕೆ ಹೇಳುವ ಸೌಕರ್ಯ ಇದೆ. ಹೇಳಿ, ಆ ಪತ್ರ ನಿಮ್ಮ ಕೈಯಲ್ಲಿರುವ ಫೋನಿಗೆ ಬರುವವರೆಗೆ ಕಾಯಿರಿ. ಬಾರದಿದ್ದರೆ ನಿಮ್ಮ ಕಾವಲುಗಾರ ಮೂಗ ಎಂದು ತಿಳಿಯಿರಿ.

ಎಂಟನೆಯದು, ತಿಂಗಳಿಗೊಮ್ಮೆ ತಾಳೆ ನೋಡುವುದು. ಇದು ಬಹಳ ಮಂದಿಗೆ ತಿಳಿಯದ ಸಂಗತಿ. ಬರೆಯುವಾಗ ಲಿನಕ್ಸ್ ಎರಡೂ ಡಿಸ್ಕಿಗೆ ಬರೆಯುತ್ತದೆ. ಆದರೆ ಓದುವಾಗ ಯಾವುದೋ ಒಂದರಿಂದ ಓದುತ್ತದೆ, ಎರಡನ್ನೂ ಹೋಲಿಸುವುದಿಲ್ಲ. ಆದ್ದರಿಂದ ಎಂದೋ ಬರೆದು ಮರೆತ ಒಂದು ಮೂಲೆ ಒಂದು ಡಿಸ್ಕಿನಲ್ಲಿ ಕೊಳೆತಿದ್ದರೂ ದಿನದ ಕೆಲಸದಲ್ಲಿ ಗೊತ್ತೇ ಆಗುವುದಿಲ್ಲ. ಆ ಮೂಲೆ ಬೇಕಾಗುವುದು ಇನ್ನೊಂದು ಡಿಸ್ಕು ಸತ್ತ ದಿನ. ಅದಕ್ಕಾಗಿ ಮೊದಲಿನಿಂದ ಕೊನೆಯವರೆಗೆ ಎರಡನ್ನೂ ಓದಿ ಹೋಲಿಸುವ ಒಂದು ತಪಾಸಣೆ ಇದೆ. ಡೆಬಿಯನ್ ಎಂಬ ಲಿನಕ್ಸ್ ಬಳಗದಲ್ಲಿ ಅದು ತಿಂಗಳ ಮೊದಲ ಭಾನುವಾರ ತಾನಾಗಿ ನಡೆಯುವ ಏರ್ಪಾಡು ಇದೆ. ನಿಮ್ಮಲ್ಲಿ ನಡೆಯುತ್ತಿದೆಯೇ ವಿಚಾರಿಸಿಕೊಳ್ಳಿ.

ಇಲ್ಲಿ ಕನ್ನಡಿಯ ಒಂದು ಮಿತಿಯನ್ನೂ ಹೇಳಬೇಕು. ಎರಡು ಡಿಸ್ಕಿನಲ್ಲಿ ವ್ಯತ್ಯಾಸ ಕಂಡಾಗ, ಯಾವುದು ಸರಿ ಎಂದು ಎಂಡಿಗೆ ತಿಳಿಯುವುದಿಲ್ಲ. ಇಬ್ಬರೇ ಸಾಕ್ಷಿಗಳು, ಇಬ್ಬರದೂ ಬೇರೆ ಹೇಳಿಕೆ. ಸರಿಪಡಿಸು ಎಂದರೆ ಅದು ಒಂದನ್ನು ಹಿಡಿದು ಇನ್ನೊಂದರ ಮೇಲೆ ಬರೆಯುತ್ತದೆ, ಅಷ್ಟೆ. ಬರೆದದ್ದರ ಜೊತೆಗೇ ಬೆರಳಚ್ಚನ್ನೂ ಇಟ್ಟುಕೊಂಡು, ಸರಿಯಾದದ್ದನ್ನು ಗುರುತಿಸಬಲ್ಲ ಬಿಟಿಆರ್‌ಎಫ್‌ಎಸ್, ಝಡ್‌ಎಫ್‌ಎಸ್ ಎಂಬ ಬೇರೆ ಪದ್ಧತಿಗಳೂ ಲಿನಕ್ಸಿಗೆ ಇವೆ. ಅವನ್ನು ಬಳಸಿದರೂ ಪರೀಕ್ಷೆ ಮಾತ್ರ ತಪ್ಪಿದ್ದಲ್ಲ.

ಕರೆಂಟಿನ ಮಾತು ಹೇಳದಿದ್ದರೆ ಪಣಜಿಯ ಮಾತು ಮುಗಿಯುವುದಿಲ್ಲ. ಎರಡೂ ಡಿಸ್ಕಿಗೆ ಬರೆಯುತ್ತಿರುವಾಗ ಕರೆಂಟು ಹೋದರೆ, ಒಂದರಲ್ಲಿ ಬರೆದಾಗಿರುತ್ತದೆ, ಇನ್ನೊಂದರಲ್ಲಿ ಆಗಿರುವುದಿಲ್ಲ. ಕರೆಂಟು ಬಂದ ಮೇಲೆ ಲಿನಕ್ಸ್ ಅವೆರಡನ್ನೂ ಸಮ ಮಾಡುತ್ತದೆ. ಆದರೆ ಆಗ ಅರ್ಧ ಬರೆದ ಕಡತ ಅರ್ಧವಾಗಿಯೇ ಉಳಿಯಬಹುದು. ಅದನ್ನು ಕನ್ನಡಿ ಪೂರ್ತಿ ಮಾಡಲಾರದು. ಒಂದು ಯುಪಿಎಸ್ ಇಡಿ. ಸಮುದ್ರದ ಗಾಳಿಗೆ ಕೇಬಲ್ಲಿನ ತುದಿಗಳು ಮಂಕಾಗುತ್ತವೆ. ವರ್ಷಕ್ಕೊಮ್ಮೆ ಬಿಚ್ಚಿ ನೋಡಿ, ಗಟ್ಟಿಯಾಗಿ ಕೂರಿಸಿ.

ಇಷ್ಟೆಲ್ಲ ಗೆದ್ದರೆ ಸಾಕೇ? ಸಾಲದು. ಹಿರಿಯರಿಗೆ ನೆನಪಿರಬಹುದು: 1986ರ ಜುಲೈ 5ರಂದು ಪಣಜಿಯಲ್ಲಿ ಮಾಂಡವಿಯ ಸೇತುವೆ ಕುಸಿಯಿತು. ಆಗ ಇದ್ದದ್ದು ಒಂದೇ ಸೇತುವೆ. ಈ ದಡದವರು ಆ ದಡಕ್ಕೆ ಹೋಗಲು ಮತ್ತೆ ಫೆರಿಯನ್ನೇ ನೆಚ್ಚಬೇಕಾಯಿತು. ಆಮೇಲೆ 1990ರ ದಶಕದಲ್ಲಿ ಅಕ್ಕಪಕ್ಕದಲ್ಲಿ ಎರಡು ಸೇತುವೆ ಎದ್ದವು. 2019ರಲ್ಲಿ ಮೂರನೆಯದಾಗಿ ಅಟಲ್ ಸೇತು ಬಂತು. ಒಂದಕ್ಕೆ ದುರಸ್ತಿ ಬಂದರೆ ಇನ್ನೊಂದಿದೆ ಎಂಬ ಧೈರ್ಯ ಬಂತು. ಜೋಡಿ ಡಿಸ್ಕೂ ಹೀಗೆಯೇ. ಆದರೆ ಅಕ್ಕಪಕ್ಕದ ಸೇತುವೆಗಳು ನಿಂತಿರುವುದು ಒಂದೇ ಹೊಳೆಯಲ್ಲಿ ಎಂಬುದನ್ನು ಮರೆಯಬಾರದು. ಜೋಡಿ ಡಿಸ್ಕುಗಳಿರುವುದೂ ಒಂದೇ ಪೆಟ್ಟಿಗೆಯಲ್ಲಿ. ಕಳ್ಳ ಒಯ್ದರೆ ಎರಡೂ ಹೋಗುತ್ತವೆ. ಸಿಡಿಲು ಬಡಿದರೆ ಎರಡಕ್ಕೂ ಬಡಿಯುತ್ತದೆ. ನಾನೇ ಕೈತಪ್ಪಿ ಒಂದು ಕಡತವನ್ನು ಅಳಿಸಿದರೆ, ಕನ್ನಡಿ ಅದೇ ಕ್ಷಣ ಇನ್ನೊಂದರಲ್ಲೂ ಅಳಿಸುತ್ತದೆ. ಕನ್ನಡಿಯ ಧರ್ಮವೇ ಅದು. ನಾನು ಮುಖಕ್ಕೆ ಮಸಿ ಬಳಿದುಕೊಂಡರೆ ಅದು ಮಸಿಯನ್ನೇ ತೋರಿಸುತ್ತದೆ, ತೊಳೆದು ಕೊಡುವುದಿಲ್ಲ.

ಆದ್ದರಿಂದ ಕನ್ನಡಿಯ ಹೊರಗೆ ಇನ್ನೊಂದು ಪ್ರತಿ ಬೇರೆ ಊರಿನಲ್ಲಿ ಇರಬೇಕು. ನಾನು ಈಗ ಎರಡು ಸಣ್ಣ ಡಿಸ್ಕು ಇಟ್ಟಿದ್ದೇನೆ. ಕೀಲಿಪದವಿಲ್ಲದೆ ಯಾರೂ ಓದಲಾರದಂತೆ ಗುಪ್ತಲಿಪಿಯಲ್ಲಿ ಬರೆದು, ಒಂದನ್ನು ಹುಬ್ಬಳ್ಳಿಯಲ್ಲಿರುವ ನನ್ನ ತಂಗಿಯ ಮನೆಯಲ್ಲಿ ಇಡುತ್ತೇನೆ. ಊರಿಗೆ ಹೋದಾಗಲೆಲ್ಲ ಅದನ್ನು ತಂದು ಇದನ್ನು ಬಿಟ್ಟು ಬರುತ್ತೇನೆ. ಅಲ್ಲಿಯೂ ಅದನ್ನು ಅಳಿಯಂದಿರ ಕಂಪ್ಯೂಟರಿಗೆ ಹಾಕಿ, ನಾಲ್ಕು ಕಾಗದ ತೆರೆದು ನೋಡಿಯೇ ಕಪಾಟಿನಲ್ಲಿ ಇಡುತ್ತೇನೆ. ತೆರೆದು ನೋಡದ ಪ್ರತಿಯೂ ಕನ್ನಡಿಯೊಳಗಿನ ಗಂಟೇ.

ಮೇ ತಿಂಗಳಲ್ಲಿ ಗೋವೆಯ ಮನೆಗಳಲ್ಲಿ ಪುರುಮೆಂತದ ಗಡಿಬಿಡಿ ನೀವು ನೋಡಿದ್ದೀರಿ. ಮಳೆಗಾಲಕ್ಕೆಂದು ಒಣಮೀನು, ಮೆಣಸಿನಕಾಯಿ, ಉಪ್ಪು ಕೂಡಿಡುತ್ತಾರೆ. ಸೂರಿನ ಹೆಂಚು ತಿರುವಿಹಾಕುತ್ತಾರೆ. ನನ್ನ ಪರೀಕ್ಷೆಯೂ ಆ ವಾರದಲ್ಲಿಯೇ. ಒಂದು ಭಾನುವಾರ ಕೋಣೆಯ ಬಾಗಿಲು ಹಾಕಿ, ಕೇಬಲ್ಲು ಕೀಳುತ್ತೇನೆ. ಮೊದಲ ವರ್ಷ ಕೈ ನಡುಗಿತ್ತು. ಗ್ರಬ್ ಹಾಕಿದ್ದೇನೆ ಎಂದು ತಿಳಿದಿದ್ದರೂ ಯಂತ್ರ ಹೊತ್ತುವವರೆಗೆ ಉಸಿರು ಹಿಡಿದಿದ್ದೆ. ಆ ವರ್ಷ ಎಚ್ಚರಿಕೆಯ ಪತ್ರ ಬರಲಿಲ್ಲ. ವಿಳಾಸದಲ್ಲಿ ಒಂದು ಅಕ್ಷರ ತಪ್ಪಿ ಬರೆದಿದ್ದೆ. ಪರೀಕ್ಷೆ ಮಾಡಿದ್ದರಿಂದ ತಿಳಿಯಿತು. ಇಲ್ಲವಾದರೆ ಮತ್ತೆ ಎಷ್ಟು ತಿಂಗಳು ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದೆನೋ.

ಅಂಥದೇ ಒಂದು ಭಾನುವಾರ ಆ ಹೆಣ್ಣುಮಗಳು ಬಂದಳು. ಮಗನನ್ನು ಕಾಲೇಜಿಗೆ ಸೇರಿಸಬೇಕು, ಪ್ರತಿ ಬೇಕು ಎಂದಳು. ಮೊದಲನೆಯ ಡಿಸ್ಕು ಮೇಜಿನ ಮೇಲೆ ಬಿಚ್ಚಿಟ್ಟಿತ್ತು. ಉಳಿದ ಒಂದರಿಂದಲೇ ಕಾಗದ ತೆಗೆದು ಅಚ್ಚು ಹಾಕಿ ಕೊಟ್ಟೆ. ನನ್ನ ಯಂತ್ರದ ಸಾಹಸ ಅವಳಿಗೆ ಬೇಕಾಗಿರಲಿಲ್ಲ. ಮಗನ ಹೆಸರಿನ ಕಾಗುಣಿತ, ಹುಟ್ಟಿದ ತಾರೀಖು, ಮಾಸ್ತರರ ಸಹಿ, ಮೂರನ್ನೂ ಬೆರಳಿಟ್ಟು ನೋಡಿದಳು. “ಹಾಂ, ಬರೋಬ್ಬರಿ ಐತ್ರಿ” ಎಂದು ಮಡಚಿ ಚೀಲಕ್ಕೆ ಸೇರಿಸಿ, ಬಸ್ಸು ತಪ್ಪೀತೆಂದು ಹೊರಟಳು.

ಆತ್ಮೀಯರೇ, ನೀವು ಕಂಪ್ಯೂಟರು ನೋಡಿಕೊಳ್ಳುವವರಾದರೆ ಈ ವಾರವೇ ಆ ಎರಡು ಯು ಅಕ್ಷರ ಇವೆಯೇ ನೋಡಿ. ಮಳೆಗೆ ಮುಂಚೆ ಒಂದು ಸಲ ಕೇಬಲ್ಲು ಕಿತ್ತು ನೋಡಿ. ನೀವು ಕಾಗದ ಕೊಟ್ಟವರಾದರೆ, ಇಟ್ಟುಕೊಂಡವರನ್ನು ಹೋಗಿ ಕೇಳಿ: ಇದೆಯೇ ಎಂದಲ್ಲ, ಈಗ ತೆಗೆದು ತೋರಿಸುತ್ತೀರಾ ಎಂದು. ಹಾಗೆ ಕೇಳಲು ಸಂಕೋಚ ಬೇಡ. ಕಾಗದ ನಿಮ್ಮದು.